ನಮ್ಮ ಹುಳಕ್ಕೆ ಅವರಿಟ್ಟ ನಂಬರು

ಆ ಸೋಮವಾರ ನಾನು ಕೂಟಗಲ್ಲಿನಲ್ಲಿ ಅತ್ತೆಯ ಮನೆಯ ಜಗುಲಿಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದೆ. ಒಳಗೆ ರೇಷ್ಮೆ ಹುಳಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪು ಮೇಯುತ್ತಿದ್ದವು. ಹುಳ ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ನಿಲ್ಲುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಬಿತ್ತನೆಗೆಂದು, ಅಂದರೆ ಮುಂದಿನ ಬೆಳೆಯ ಮೊಟ್ಟೆಗೆಂದು, ಬೇರೆ ತಟ್ಟೆಯಲ್ಲಿ ಸಾಕಿದ್ದ ಹುಳ ವಾರದ ಹಿಂದೆಯೇ ಗೂಡು ಕಟ್ಟಿತ್ತು. ನನ್ನ ಹೆಂಡತಿ ಗೌರಮ್ಮ ಮತ್ತು ಅವಳ ತಾಯಿ ಆ ಗೂಡುಗಳನ್ನು ಆರಿಸುತ್ತಿದ್ದರು. ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, ಕೆಲವನ್ನು ಬಲಗಡೆಯ ಮೊರಕ್ಕೆ, ಉಳಿದದ್ದನ್ನು ಎಡಗಡೆಯ ಮೊರಕ್ಕೆ ಹಾಕುತ್ತಿದ್ದರು. ಏನು ನೋಡಿ ಆರಿಸುತ್ತೀರಿ ಎಂದು ನಾನು ಕೇಳಿದೆ. ಅತ್ತೆ ನಕ್ಕರು. ಗೌರಮ್ಮ ಮಾತ್ರ, ನಿಮ್ಮ ದುರ್ಬೀನಿನಲ್ಲಿ ಅದು ಕಾಣುವುದಿಲ್ಲ ಎಂದಳು.

ಹಳೆಯ ಕ್ರಮದಲ್ಲಿ ಎಲ್ಲವೂ ನಡೆದ ಕೊನೆಯ ದಿನ ಅದು. ಅದಕ್ಕೇ ರೊಟ್ಟಿಯ ರುಚಿಯೂ ನೆನಪಿದೆ.

ನಾನು ಕ್ಲೋಸ್‌ಪೇಟೆಯ ಹೊರಗಿದ್ದ ಒಂದು ಸಣ್ಣ ಸರ್ಕಾರಿ ಮೊಟ್ಟೆ ಕೇಂದ್ರದಲ್ಲಿ ಇಪ್ಪತ್ತೇಳು ವರ್ಷ ದುಡಿದೆ. ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ, ಗೌರಮ್ಮನ ಮಾತಿನಲ್ಲಿ ದುರ್ಬೀನಿನಲ್ಲಿ, ನೋಡಿ, ಗಂಟುರೋಗ ಇಲ್ಲವೆಂದು ಖಾತ್ರಿಯಾದರೆ ಅದರ ಮೊಟ್ಟೆಯನ್ನು ರೈತರಿಗೆ ಕೊಡುವುದು ನನ್ನ ಕೆಲಸ. ಈಗ ಈ ಇಲಾಖೆಗೆ ಸೇರುವ ಹುಡುಗರು ಓದಿಕೊಂಡು ಬರುತ್ತಾರೆ. ಅವರಿಗೆ ರೋಗದ ಹೆಸರುಗಳನ್ನು ನಾನು ಹೇಳಿಕೊಡಬೇಕಾಗಿಲ್ಲ. ನನಗೆ ಯಾವಾಗ ಬಡ್ತಿಯಾಯಿತು ಎಂಬುದೂ ಅವರಿಗೆ ಬೇಡ, ಅದು ಎರಡೇ ಸಲ ಆದದ್ದು. ಪುಸ್ತಕದಲ್ಲಿ ಇಲ್ಲದ ಒಂದು ವಿಷಯವಿದೆ, ದೊಡ್ಡ ದೇಶಗಳೂ ಸಣ್ಣ ಸೀಮೆಗಳೂ ಒಂದಕ್ಕೊಂದು ಹೇಗೆ ಸಹಾಯ ಮಾಡುತ್ತವೆ ಎಂಬುದು. ಅದನ್ನು ಬರೆಯುತ್ತೇನೆ. ಗೌರಮ್ಮ ಹೋಗಿ ಹದಿನಾಲ್ಕು ತಿಂಗಳಾಯಿತು. ಅವಳಿದ್ದಾಗ ಇದನ್ನು ಬರೆಯಲು ನನಗೆ ಧೈರ್ಯ ಇರಲಿಲ್ಲ.

ಆ ಸೋಮವಾರ ನಾನು ಕೂಟಗಲ್ಲಿಗೆ ಹೋದದ್ದು ಊಟಕ್ಕಲ್ಲ. ಯುರೋಪಿನ ಒಂದು ಪಟ್ಟಣದಲ್ಲಿ ರೇಷ್ಮೆ ಪ್ರದರ್ಶನ ನಡೆಯುವುದಿತ್ತು. ಲೋಕದ ದೇಶಗಳೆಲ್ಲ ತಮ್ಮ ಗೂಡಿನ ಮಾದರಿ ಕಳುಹಿಸಬೇಕೆಂದು ಕರೆ ಬಂದಿತ್ತು. ನಮ್ಮ ಸೂಪರಿಂಟೆಂಡೆಂಟ್ ರಾಯರಿಗೆ ಇದು ದೊಡ್ಡ ಸಂಭ್ರಮ. ಅವರು ಒಳ್ಳೆಯ ಮನುಷ್ಯರು. ಯಾರ ಮೇಲೂ ಕೂಗಾಡಿದವರಲ್ಲ. ಆದರೆ ಬಿಳಿಯ ಕಾಗದದ ಮೇಲೆ ಮುದ್ರೆ ಒತ್ತಿ ಏನು ಬಂದರೂ ಎದ್ದು ನಿಂತು ಓದುತ್ತಿದ್ದರು. ಕೊಠಡಿಯಲ್ಲಿ ಅವರೊಬ್ಬರೇ ಇದ್ದಾಗಲೂ ನಿಂತೇ ಓದುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಎಲ್ಲ ಕಡೆಯಿಂದ ಒಳ್ಳೆಯ ಗೂಡು ತರಿಸಿ ಪೆಟ್ಟಿಗೆ ಕಟ್ಟಲು ನನಗೆ ಹೇಳಿದರು. ಎಲ್ಲಕ್ಕಿಂತ ಒಳ್ಳೆಯದು ನನ್ನ ಅತ್ತೆಯ ಮನೆಯಲ್ಲಿತ್ತು.

ಅದರ ಬಗ್ಗೆ ಸ್ವಲ್ಪ ಹೇಳಬೇಕು. ನಾಡ ಹುಳದ ಗೂಡು ಎಲ್ಲ ಕಡೆಯೂ ತಿಳಿ ಹಸಿರೇ. ಆದರೆ ಅತ್ತೆಯ ಮನೆಯ ಹುಳದ ಗೂಡಿಗೆ ನಡುವೆ ತುಸು ಸೊಂಟವಿರುತ್ತಿತ್ತು, ಬೆರಳಿನಿಂದ ಮೆಲ್ಲಗೆ ಒತ್ತಿದ ಹಾಗೆ. ಚೈತ್ರದ ಬಿಸಿಲಿಗೆ ಉಳಿದವರ ಹುಳ ಸಪ್ಪೆಯಾಗಿ ಬಿದ್ದಾಗಲೂ ಇದು ಮೇಯುತ್ತಿತ್ತು. ಅದರ ಬಿತ್ತನೆಯನ್ನು ಅವರು ಎಂದೂ ಮಾರಿದವರಲ್ಲ. ಮಗಳನ್ನು ಕೊಟ್ಟು ಕಳುಹಿಸುವಾಗ ಮಡಿಲಕ್ಕಿಯ ಜೊತೆ ಒಂದು ಹಿಡಿ ಬಿತ್ತನೆ ಗೂಡನ್ನೂ ಮಡಿಲಿಗೆ ಹಾಕುತ್ತಿದ್ದರು. ಹಾಗೆ ಆ ತಳಿ ತಾಯಿಯಿಂದ ಮಗಳಿಗೆ, ಒಂದು ಊರಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಗೌರಮ್ಮನೂ ಹಾಗೆಯೇ ತಂದಿದ್ದಳು. ಕ್ಲೋಸ್‌ಪೇಟೆಯ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಒಂದು ತಟ್ಟೆ ಯಾವಾಗಲೂ ಇರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆ ಕೋಣೆಯಲ್ಲಿ ಅವಳು ಯಾರ ಜೊತೆಗೋ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಹೋಗಿ ನೋಡಿದರೆ ಸೊಪ್ಪು ಹಾಕುತ್ತಿರುತ್ತಿದ್ದಳು.

ಪ್ರದರ್ಶನಕ್ಕೆ ಎಂದಾಗ ಅತ್ತೆ ಬಲಗಡೆಯ ಮೊರವನ್ನೇ ತಂದು ನನ್ನ ಮುಂದಿಟ್ಟರು.

"ಅಳಿಮಯ್ನೋರೆ, ಇದು ಇನ್ನೊಬ್ರ ಮನೆಗೆ ಓಗೋ ಗೂಡು. ಬಿಸ್ಲಿಗೆ ಆಕ್ಬ್ಯಾಡಿ, ಆವಿಗೆ ಇಕ್ಬ್ಯಾಡಿ. ಕೊಡೋ ಗೂಡ್ನ ಸಾಯ್ಸಿ ಕೊಡಬಾರ್ದು."

ಮಾದರಿಗೆ ಕಳುಹಿಸುವ ಗೂಡನ್ನು ಆವಿಯಲ್ಲಿಟ್ಟು ಒಳಗಿನ ಹುಳವನ್ನು ಕೊಲ್ಲಬೇಕು. ಇದು ನಮ್ಮ ಕೆಲಸದ ಮೊದಲನೆಯ ಪಾಠ. ನನಗೆ ಗೊತ್ತಿತ್ತು. ಆದರೆ ಅತ್ತೆಗೆ ಆಗಲಿ ಎಂದುಬಿಟ್ಟಿದ್ದೆ, ಗೌರಮ್ಮ ಎದುರಿಗೇ ಇದ್ದಳು. ಉಳಿದ ಊರುಗಳ ಗೂಡನ್ನೆಲ್ಲ ಆವಿಗಿಟ್ಟೆ. ಕೂಟಗಲ್ಲಿನದನ್ನು ಮಾತ್ರ ಜೀವಂತವಾಗಿಯೇ ಹತ್ತಿಯ ನಡುವೆ ಇಟ್ಟು, ಗಾಳಿಯಾಡಲೆಂದು ಪೆಟ್ಟಿಗೆಗೆ ಎರಡು ತೂತು ಬೇರೆ ಕೊರೆದೆ. ಪೆಟ್ಟಿಗೆ ರೈಲು ಹತ್ತಿತು, ಬೊಂಬಾಯಿಯಲ್ಲಿ ಹಡಗು ಹತ್ತಿತು. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದೇ. ಇದಕ್ಕೆ ನನಗೆ ಪ್ರಶಂಸಾಪತ್ರ ಬಂತು.

ಏಕೆಂದರೆ ಗೂಡಿನೊಳಗಿನ ಹುಳ ಹಡಗಿಗಾಗಿ ಕಾಯುವುದಿಲ್ಲ. ಸಮುದ್ರದ ನಡುವೆ ಎಲ್ಲೋ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಬಂದು, ಜೋಡಿಯಾಗಿ, ಪೆಟ್ಟಿಗೆಯ ಒಳಗಿನ ಕಾಗದಕ್ಕೆಲ್ಲ ಮೊಟ್ಟೆ ಇಟ್ಟು ಸತ್ತಿದ್ದವು. ಅಲ್ಲಿ ಮುಚ್ಚಳ ತೆಗೆದಾಗ ಗೂಡು ಹಾಳಾಗಿ, ಹತ್ತಿಯ ಮೇಲೆ ಮರಿಹುಳ ಹರಿದಾಡುತ್ತಿತ್ತಂತೆ. ನಮ್ಮವರಾಗಿದ್ದರೆ ಪೆಟ್ಟಿಗೆಯನ್ನು ತಿಪ್ಪೆಗೆ ಎಸೆದು ನನಗೊಂದು ಮೆಮೊ ಕಳುಹಿಸುತ್ತಿದ್ದರು. ಅವರು ಬುದ್ಧಿವಂತರು, ಮರಿಗಳಿಗೆ ಸೊಪ್ಪು ಹಾಕಿ ಸಾಕಿದರು. ಒಂದು ವರ್ಷದ ಮೇಲೆ, ಇಷ್ಟು ಸೆಕೆ ತಡೆಯುವ ಹುಳವನ್ನು ತಮ್ಮ ಒಬ್ಬ ಪಂಡಿತರು ಕಂಡುಹಿಡಿದಿದ್ದಾರೆಂದೂ, ಈ ಸಂತೋಷದಲ್ಲಿ ನಮ್ಮ ಸೀಮೆಯ ಜೊತೆ ಪರಸ್ಪರ ಸಹಕಾರಕ್ಕೆ ಸಿದ್ಧರೆಂದೂ ಪತ್ರ ಬಂತು. ರಾಯರು ಅದನ್ನು ಎದ್ದು ನಿಂತು ಓದಿದರು.

ಆ ದೇಶ ಯಾವುದೆಂದು ಬರೆಯುವುದಿಲ್ಲ. ನನ್ನ ಕಾಲದಲ್ಲೇ ಅದು ಒಂದು ಸಲ ಮಿತ್ರ, ಒಂದು ಸಲ ಏನೂ ಅಲ್ಲ, ಮತ್ತೆ ಮಿತ್ರ ಎಂದಾಗಿದೆ. ನನ್ನ ಪಿಂಚಣಿ ಇನ್ನೂ ಬರುತ್ತಿದೆ.

ಒಪ್ಪಂದದಲ್ಲಿ ಎರಡು ಪಕ್ಷಗಳೂ ಸಮಾನ ಎಂದಿತ್ತು. ನಾವು ಪ್ರತಿ ವರ್ಷ ನಮ್ಮ ಹುಳದ ಮೊಟ್ಟೆ ಕಳುಹಿಸಬೇಕು. ಅವರು ಅದನ್ನು ತಮ್ಮ ಹುಳದೊಂದಿಗೆ ಬೆರಕೆ ಮಾಡಿ, ಬೆರಕೆ ಮೊಟ್ಟೆಯನ್ನು ನಮಗೆ ಮಾರುತ್ತಾರೆ. ಜೊತೆಗೆ ಒಬ್ಬ ತಜ್ಞರನ್ನು ಕಳುಹಿಸುತ್ತಾರೆ. ಅವರ ಸಂಬಳ, ಬಂಗಲೆ, ಕುದುರೆ, ಅಡಿಗೆಯವನು ನಮ್ಮ ಕಡೆಯಿಂದ. ಸಲಹೆ ಅವರ ಕಡೆಯಿಂದ. ಈ ಕಾಗದಕ್ಕೆ ನಮ್ಮ ಸೀಮೆಯ ಪರವಾಗಿ ರುಜು ಹಾಕಿದವರು ಲಂಡನ್ನಿನಲ್ಲಿದ್ದ ಯಾರೋ ಮಹನೀಯರು. ನಮ್ಮದು ಬ್ರಿಟಿಷರ ಕೆಳಗಿನ ಮಹಾರಾಜರ ಸೀಮೆ, ಒಂದು ದೇಶವಲ್ಲವಾದ್ದರಿಂದ ನಮ್ಮ ರುಜುವನ್ನು ನಾವೇ ಹಾಕುವಂತಿರಲಿಲ್ಲ. ಆ ಮಹನೀಯರು ರೇಷ್ಮೆ ಹುಳವನ್ನು ನೋಡಿದ್ದರೋ ಇಲ್ಲವೋ ತಿಳಿಯದು. ಅವರ ರುಜು ಮಾತ್ರ ಬಹಳ ಚೆನ್ನಾಗಿತ್ತು.

ತಜ್ಞ ದೊರೆಗಳು ಬಂದರು. ಎತ್ತರದ, ಕೆಂಪು ಮುಖದ, ಕೆಲಸದಲ್ಲಿ ನಿಜವಾಗಿ ಶ್ರದ್ಧೆಯಿದ್ದ ಮನುಷ್ಯ. ಸೂಕ್ಷ್ಮದರ್ಶಕವನ್ನು ಸರಿಯಾಗಿ ಹಿಡಿಯಲು ನನಗೆ ಕಲಿಸಿದವರು ಅವರೇ. ಅದನ್ನು ಮುಚ್ಚಿಡುವುದಿಲ್ಲ. ಅವರು ಬರುವ ಮೊದಲು ನಾವು ನೂರಕ್ಕೆ ಒಂದು ಚಿಟ್ಟೆ ನೋಡಿ ಉಳಿದದ್ದಕ್ಕೆ ದೇವರಿದ್ದಾನೆ ಎನ್ನುತ್ತಿದ್ದೆವು. ಅವರು ಒಂದೊಂದನ್ನೂ ನೋಡಿಸಿದರು. ಇದು ಒಳ್ಳೆಯದೇ ಆಯಿತು.

ಆದರೆ ಅವರಿಗೆ ಚುಟ್ಟ ಸೇದುವ ಅಭ್ಯಾಸ. ಹುಳದ ಮನೆಗೆ ಹೊಗೆಸೊಪ್ಪಿನ ವಾಸನೆ ವಿಷ. ನಮ್ಮ ಹಳ್ಳಿಗಳಲ್ಲಿ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಕೊಯ್ಯುವುದಿಲ್ಲ. ಕೂಟಗಲ್ಲಿನ ಚನ್ನಬಸಪ್ಪ ಎಂಬ ರೈತನ ಮನೆಗೆ ಅವರು ಬಾಯಲ್ಲಿ ಚುಟ್ಟ ಇಟ್ಟುಕೊಂಡೇ ಹೊರಟರು. ಜೊತೆಗೆ ದುಭಾಷಿಯಾಗಿ ರಾಯರು, ಪುಸ್ತಕ ಹಿಡಿದು ನಾನು. ಚನ್ನಬಸಪ್ಪ ಬಾಗಿಲಿಗೆ ಅಡ್ಡ ನಿಂತು, ರಾಯರ ಕಡೆ ತಿರುಗಿ ಮೆತ್ತಗೆ ಹೇಳಿದ:

"ಸ್ವಾಮಿ, ಆ ಚುಟ್ಟಾನ ಒಸಿ ಆಚೆ ಮಡಗಕ್ಕೆ ಯೋಳಿ. ಉಳ ಸತ್ತೋಯ್ತವೆ."

ದೊರೆಗಳು ಏನೆಂದು ಕೇಳಿದರು. ರಾಯರು ಇಂಗ್ಲಿಷಿನಲ್ಲಿ, ತಾವು ಬಂದದ್ದು ತನ್ನ ಭಾಗ್ಯ ಎನ್ನುತ್ತಿದ್ದಾನೆ ಎಂದರು. ದೊರೆಗಳಿಗೆ ಸಂತೋಷವಾಯಿತು. ಚನ್ನಬಸಪ್ಪನ ಬೆನ್ನು ತಟ್ಟಿ ಒಳಗೆ ಹೋಗಿ ಒಂದು ಗಂಟೆ ಕಾಲ ತಟ್ಟೆ ತಟ್ಟೆಯಾಗಿ ನೋಡಿದರು. ಎರಡು ದಿನದ ಮೇಲೆ ಚನ್ನಬಸಪ್ಪನ ಹುಳ ಹಸಿರು ಕಕ್ಕಿ ಸತ್ತವು. ದೊರೆಗಳ ವರದಿಯಲ್ಲಿ, ನಾಡ ಹುಳಕ್ಕೆ ತಾಳುವ ಶಕ್ತಿ ಇಲ್ಲ, ಕಣ್ಣೆದುರಿಗೇ ಕುಸಿಯುತ್ತದೆ ಎಂದು ಬಂತು. ಅದನ್ನು ಶುದ್ಧ ಪ್ರತಿ ಮಾಡಿದವನು ನಾನು. ರಾಯರು ದೊರೆಗಳಿಗೆ ಯಾಕೆ ನಿಜ ಹೇಳಲಿಲ್ಲ ಎಂದು ಮನೆಯಲ್ಲಿ ಗೌರಮ್ಮ ಕೇಳಿದಳು. ದೊಡ್ಡವರ ಜೊತೆ ಸಹಕರಿಸುವುದು ಎಂದರೆ ಹಾಗೆಯೇ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ. ಆಗ ನನಗೆ ಅದು ವಿವೇಕದ ಮಾತೆನಿಸಿತ್ತು.

ಬೆರಕೆ ಮೊಟ್ಟೆ ಬಂತು. ಮೊದಲ ಬೆಳೆ ನೋಡಿ ಜನ ಬೆರಗಾದರು. ಗೂಡು ಪಾರಿವಾಳದ ಮೊಟ್ಟೆಯ ಗಾತ್ರ. ಕ್ಲೋಸ್‌ಪೇಟೆಯಲ್ಲಿ ಚರಕದಲ್ಲಿ ನೂಲು ಬಿಚ್ಚುವ ಹುಸೇನ್ ಸಾಬರು ಗೂಡನ್ನು ಹಿಡಿದು ನೋಡಿ, ಇದು ಹುಳ ಕಟ್ಟಿದ್ದೋ ಸರ್ಕಾರ ಕಟ್ಟಿಸಿದ್ದೋ ಎಂದು ಕೇಳಿದರು. ತೊಂದರೆ ಒಂದೇ. ಆ ಗೂಡಿನಿಂದ ಬಿತ್ತನೆ ಮಾಡಿದರೆ ಎರಡನೆಯ ಬೆಳೆಯಲ್ಲಿ ಹುಳ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಸತ್ತದ್ದು. ಪ್ರತಿ ಬೆಳೆಗೂ ಹಡಗಿನ ಮೊಟ್ಟೆಯೇ ಬೇಕು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಗೌರಮ್ಮನ ಅಣ್ಣಂದಿರೂ ಊರಿನವರಂತೆ ಬೆರಕೆ ಮೊಟ್ಟೆಗೆ ಹೊರಳಿದರು. ಕೂಟಗಲ್ಲಿನಲ್ಲಿ ಹಳೆಯ ತಳಿ ಉಳಿಯಲಿಲ್ಲ. ಹತ್ತಿರದಲ್ಲಿ ಉಳಿದದ್ದು ನಮ್ಮ ಮನೆಯ ಹಿಂದಿನ ಕೋಣೆಯ ಒಂದು ತಟ್ಟೆ.

ಆಮೇಲೆ ಬಂದದ್ದು ಶುದ್ಧೀಕರಣದ ಆಜ್ಞೆ. ನಾಡ ಹುಳದಿಂದ ಬೆರಕೆ ಹುಳಕ್ಕೆ ರೋಗ ತಗಲಬಹುದು, ಆದ್ದರಿಂದ ಕೇಂದ್ರದ ಸುತ್ತ ಏಳು ಮೈಲಿಯೊಳಗೆ ನಾಡ ಹುಳ ಇರಕೂಡದು ಎಂದು ದೊರೆಗಳು ಸಲಹೆ ಕೊಟ್ಟರು. ಅದು ಸಲಹೆಯೇ. ಅವರು ಯಾವಾಗಲೂ ಸಲಹೆ ಎಂದೇ ಬರೆಯುತ್ತಿದ್ದರು. ರಾಯರು ಅದನ್ನು ಆಜ್ಞೆ ಮಾಡಿ, ಏಳು ಮೈಲಿ ಸಣ್ಣದಾಯಿತೆಂದು ನಾಲ್ಕು ತಾಲ್ಲೂಕಿಗೆ ವಿಸ್ತರಿಸಿದರು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರೆ ನಮ್ಮ ಸೀಮೆಯ ಗೌರವ ಹೆಚ್ಚುತ್ತದೆ ಎಂಬುದು ಅವರ ನಂಬಿಕೆ. ನಾಡ ಹುಳವನ್ನು ಸುಡಬೇಕೆಂದು ಪ್ರತಿ ಊರಿಗೂ ಚೀಟಿ ಹೋಗಬೇಕು. ಚೀಟಿಗಳ ಮೇಲೆ ಪರೀಕ್ಷಕನ ರುಜು ಬೇಕು. ಪರೀಕ್ಷಕ ನಾನು. ಮೂರು ದಿನ ಕುಳಿತು ರುಜು ಹಾಕಿದೆ. ಯಾವ ಊರಿಗೆ ಎಂದು ಓದಲಿಲ್ಲ. ಮತ್ತೆ ಸರ್ಕಾರಿ ನೌಕರರ ಮನೆಯಿಂದಲೇ ಮೊದಲಾಗಬೇಕು, ಜನಕ್ಕೆ ಮೇಲ್ಪಂಕ್ತಿ ಇರಬೇಕು ಎಂದೂ ಆಯಿತು. ಕೇಂದ್ರದ ನೌಕರರಲ್ಲಿ ಮನೆಯಲ್ಲಿ ಹುಳ ಇದ್ದವನು ನಾನೊಬ್ಬನೇ.

ನಾನು ಗೌರಮ್ಮನಿಗೆ ಹೇಳಿದೆ. ಅವಳು ಅಳಲಿಲ್ಲ. ಕೈ ಒರೆಸಿಕೊಂಡು ಬಂದು ನನ್ನ ಎದುರಿಗೆ ನಿಂತಳು.

"ನಿಮ್ ದುರ್ಬೀನ್ನಾಗೆ ನೋಡಿ. ರೋಗ ಇದ್ರೆ ನಾನೇ ಒಲೆಗಾಕ್ತೀನಿ."

ಆ ಬೆಳೆಯ ತಾಯಿ ಚಿಟ್ಟೆಗಳನ್ನು ಅವಳು ಎತ್ತಿಟ್ಟಿದ್ದಳು. ಕೇಂದ್ರಕ್ಕೆ ಒಯ್ದು ಒಂದೊಂದನ್ನೂ ಅರೆದು ನೋಡಿದೆ. ದೊರೆಗಳು ಕಲಿಸಿದಂತೆ ಎರಡೆರಡು ಸಲ ನೋಡಿದೆ. ಇಪ್ಪತ್ತೇಳು ವರ್ಷದಲ್ಲಿ ಅಷ್ಟು ಶುದ್ಧವಾದ ಚಿಟ್ಟೆ ನಾನು ಕಂಡಿಲ್ಲ. ಒಂದರಲ್ಲೂ ಗಂಟಿರಲಿಲ್ಲ. ರಾಯರ ಹತ್ತಿರ ಹೋಗಿ ಹೇಳಿದೆ. ಅವರು, ದೊರೆಗಳ ಬಳಿ ಈ ಮಾತು ಎತ್ತಿದರೆ ನಾವು ಅವರನ್ನು ನಂಬಲಿಲ್ಲ ಎಂದಾಗುತ್ತದಪ್ಪ ಎಂದರು. ಅವರ ಕಣ್ಣಿನಲ್ಲಿ ನಿಜವಾದ ದುಃಖ ಇತ್ತು. ದೊರೆಗಳ ಬಂಗಲೆ ನೂರು ಹೆಜ್ಜೆ ದೂರ. ನಾನು ಹೋಗಿ ಹೇಳಬಹುದಿತ್ತು. ಪಾಪ, ಅವರು ಕೇಳುತ್ತಿದ್ದರೋ ಏನೋ. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ.

ಆ ದಿನದ ಪುಸ್ತಕದಲ್ಲಿ ನನ್ನ ಕೈಬರಹದಲ್ಲಿ ಹೀಗಿದೆ: ಪರೀಕ್ಷಿಸಲಾಯಿತು, ರೋಗವಿಲ್ಲ, ಸುಡಲಾಯಿತು.

ಮಧ್ಯಾಹ್ನದ ಹೊತ್ತು, ಹಿತ್ತಲಿನಲ್ಲಿ ಸುಟ್ಟೆ. ಹುಳ, ಮೊಟ್ಟೆಯ ಕಾಗದ, ಬಿತ್ತನೆ ಗೂಡು ಎಲ್ಲ. ಗೌರಮ್ಮ ಬಾಗಿಲಲ್ಲಿ ನಿಂತು ಮುಗಿಯುವವರೆಗೂ ನೋಡಿದಳು. ಆಮೇಲೆ ನನಗೆ ಊಟಕ್ಕಿಟ್ಟಳು. ಬಡಿಸುತ್ತಾ ಒಂದೇ ಮಾತು ಆಡಿದಳು.

"ನಮ್ಮವ್ವ ಮಡ್ಲಿಗೆ ಆಕಿದ್ದು ಕಣ್ರೀ ಅದು."

ಜಗಳವಾಡಲಿಲ್ಲ. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಅವಳು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮರುವರ್ಷ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಎಂದು ಕ್ಲೋಸ್‌ಪೇಟೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನಮಗೆ ತಿಳಿದದ್ದು ಹಡಗು ಬರಲಿಲ್ಲ ಎಂಬುದು. ಮೊದಲ ತಿಂಗಳು ತಡವಾಗಿದೆ ಎಂದೆವು. ಎರಡನೆಯ ತಿಂಗಳು ದಾರಿಯಲ್ಲಿದೆ ಎಂದೆವು. ಮೂರನೆಯ ತಿಂಗಳು ತಜ್ಞ ದೊರೆಗಳು ತಮ್ಮ ದೇಶಕ್ಕೆ ಸೈನಿಕರಾಗಿ ಹೋಗಬೇಕೆಂದು ತಂತಿ ಬಂತು. ಅವರು ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ರಾಯರು ಹಾರ ಹಾಕಿದರು. ದೊರೆಗಳು ನನ್ನ ಕೈ ಕುಲುಕಿ, ಹುಳಗಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂದರು. ಆಗ ಕೇಂದ್ರದಲ್ಲಿ ಒಂದು ಹುಳವೂ ಇರಲಿಲ್ಲ. ನಾನು ಆಗಲಿ ಎಂದೆ.

ಹಿಪ್ಪುನೇರಳೆ ಗಿಡಕ್ಕೆ ಯುದ್ಧದ ವಿಷಯ ಗೊತ್ತಿಲ್ಲ. ಸೊಪ್ಪು ತುಂಬಿ ನಿಂತಿತು. ರೈತರು ಮೊಟ್ಟೆಗೆಂದು ಕೇಂದ್ರದ ಮುಂದೆ ಬಂದು ಕೂರತೊಡಗಿದರು. ಚನ್ನಬಸಪ್ಪ ಒಂದು ಬೆಳಿಗ್ಗೆ ಬಂದು, ಎಲ್ಲರೂ ಕೇಳುವಂತೆ ನನ್ನನ್ನು ಕೇಳಿದ:

"ಏನ್ ಸ್ವಾಮಿ, ಎಲ್ಲೋ ಸಮುದ್ರದಾಚೆ ಅವ್ರವ್ರು ಒಡೆದಾಡ್ಕಂಡ್ರೆ, ಕೂಟಗಲ್‌ನಾಗೆ ನನ್ ತಟ್ಟೆ ಯಾಕೆ ಖಾಲಿ ಐತೆ?"

ಅಂತರರಾಷ್ಟ್ರೀಯ ವಿಷಯದಲ್ಲಿ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಆಮೇಲೆ ಯಾವ ಪತ್ರಿಕೆಯಲ್ಲೂ ಓದಲಿಲ್ಲ. ಮೇಲಿನಿಂದ ಆಜ್ಞೆ ಬಂದಿಲ್ಲ ಎಂದೆ. ಕೊನೆಗೆ ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ನಮ್ಮ ಚೀಟಿ ತಲುಪದೆ ಉಳಿದಿದ್ದ ನಾಡ ಹುಳದ ಬಿತ್ತನೆ ತಂದು ಜನ ಬದುಕಿಕೊಂಡರು. ನಮ್ಮ ಕಚೇರಿ ಅಷ್ಟು ದಕ್ಷವಾಗಿರಲಿಲ್ಲ ಎಂಬುದೊಂದೇ ನಮ್ಮ ಸೀಮೆಯ ರೇಷ್ಮೆಯನ್ನು ಕಾಪಾಡಿತು. ಆದರೆ ಅದು ಬೇರೆ ಹುಳ. ಸೊಂಟದ ಗೂಡು ಕಟ್ಟುವ ಹುಳವಲ್ಲ.

ಕುಣಿಗಲ್ಲಿನ ಗೂಡನ್ನು ನಾನು ಮನೆಗೆ ತಂದು ತೋರಿಸಿದೆ. ಗೌರಮ್ಮ ಅಂಗೈಯಲ್ಲಿಟ್ಟು ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, ವಾಪಸು ಕೊಟ್ಟಳು. ಆ ದಿನ ಸಂಜೆ, ಅವಳ ತಾಯಿಯ ತಂಗಿಯನ್ನು ಮರಳವಾಡಿಗೆ ಕೊಟ್ಟದ್ದು, ಅಜ್ಜಿಯ ಕಡೆಯ ಒಬ್ಬಳನ್ನು ಕಬ್ಬಾಳಿಗೆ ಕೊಟ್ಟದ್ದು ಹೇಳಿದಳು. ಅವರ ಮಡಿಲಿಗೂ ಗೂಡು ಹಾಕಿ ಕಳುಹಿಸಿದ್ದರಂತೆ. ಒಂದು ಸಲ ಹೋಗಿ ನೋಡಿ ಎಂದಳು. ಸುಟ್ಟ ಮೇಲೆ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಮರಳವಾಡಿಯಲ್ಲಿ ಚಿಕ್ಕಮ್ಮ ತೀರಿಕೊಂಡು ಸೊಸೆಯರು ಹುಳ ಸಾಕುವುದನ್ನೇ ಬಿಟ್ಟು ಕುರಿ ಕಟ್ಟಿದ್ದರು. ಹುಳದ ಮನೆಯಲ್ಲಿ ಕುರಿಮರಿಗಳಿದ್ದವು. ಅಲ್ಲಿಂದ ಕಬ್ಬಾಳಿಗೆ ಹೋದೆ. ಬೆಟ್ಟದ ಕೆಳಗೆ, ಗುಡಿಗೆ ಹೋಗುವ ದಾರಿಯಲ್ಲಿ ಆ ಮನೆ. ಗೌರಮ್ಮನಿಗೆ ಅಜ್ಜಿಯಾಗಬೇಕಾದ ಆ ಮುದುಕಿ ಇನ್ನೂ ಗಟ್ಟಿಯಾಗಿದ್ದರು. ನಾನು ಯಾರೆಂದು ಹೇಳಿದೆ. ಕೂರಿಸಿ ಮಜ್ಜಿಗೆ ಕೊಟ್ಟರು. ಆ ಗೂಡಿನ ವಿಷಯ ಎತ್ತಿದೆ.

"ಓದ್ ವರ್ಸದ್ ಗಂಟ ಇತ್ತು ಕಣಪ್ಪ," ಎಂದರು. "ಚೀಟಿ ಬಂತು. ಪಟೇಲ ಬಂದು ಸುಡಿಸ್ದ."

ಒಳಗೆ ಹೋಗಿ, ಗೋಡೆಯ ಗೂಡಿನಲ್ಲಿ ವಿಭೂತಿಯ ತಟ್ಟೆಯ ಕೆಳಗೆ ಮಡಿಸಿಟ್ಟಿದ್ದ ಕಾಗದವನ್ನು ತಂದರು. ಸರ್ಕಾರದ ಕಾಗದ ಎಂದು ಜೋಪಾನ ಮಾಡಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಇದರಲ್ಲಿ ಏನು ಬರೆದಿದೆ, ಯಾರ ರುಜು ಎಂದು ನನ್ನನ್ನೇ ಕೇಳಿದರು.

ನನ್ನ ರುಜು ಚೆನ್ನಾಗಿಯೇ ಬಿದ್ದಿತ್ತು. ಮೂರನೆಯ ದಿನದ್ದಿರಬೇಕು, ಕೈ ಸೋತು ಬಾಲ ಸ್ವಲ್ಪ ಉದ್ದವಾಗಿತ್ತು. ನಾನು ನನ್ನದು ಎಂದೆ. ಇದನ್ನಾದರೂ ಹೇಳಿದೆನಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಮುದುಕಿ ನನ್ನ ಮುಖ ನೋಡಿದರು.

"ನಿನಗೂ ಮ್ಯಾಲಿನೋರು ಯಾರೋ ಯೋಳಿರ್ಬೇಕು," ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಗೌರಮ್ಮನಿಗೆ ಸಿಗಲಿಲ್ಲ ಎಂದು ಮಾತ್ರ ಹೇಳಿದೆ. ಚೀಟಿಯ ವಿಷಯ ಹೇಳಲಿಲ್ಲ. ಅದನ್ನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಯುದ್ಧ ಮುಗಿಯಿತು. ಲೋಕದ ದೇಶಗಳೆಲ್ಲ ಒಂದು ಸಂಘ ಕಟ್ಟಿಕೊಂಡಿವೆ, ಇನ್ನು ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ ಎಂದು ಪತ್ರಿಕೆಯಲ್ಲಿ ಬಂತು. ರಾಯರು ಆಗ ನಿವೃತ್ತಿಯ ಹತ್ತಿರ ಇದ್ದರು. ಅದನ್ನೂ ನಿಂತೇ ಓದಿದರು. ಅದೇ ವರ್ಷ ಆ ದೇಶದ ರೇಷ್ಮೆ ಸಂಸ್ಥೆಯಿಂದ ಅಚ್ಚಿನ ಪಟ್ಟಿಯೊಂದು ಕೇಂದ್ರಕ್ಕೆ ಬಂತು. ಲೋಕದ ಹುಳಗಳನ್ನೆಲ್ಲ ಸಂಗ್ರಹಿಸಿಟ್ಟಿದ್ದೇವೆ, ಇದು ಮನುಷ್ಯಕುಲದ ಆಸ್ತಿ ಎಂದು ಮುನ್ನುಡಿ. ಹಾಳೆ ತಿರುವುತ್ತಾ ಹೋದೆ. ನಲವತ್ತೊಂದನೆಯ ನಂಬರಿನಲ್ಲಿ ಒಂದು ಚಿತ್ರವಿತ್ತು. ಗೂಡಿಗೆ ನಡುವೆ ತುಸು ಸೊಂಟ. ತಿಳಿ ಹಸಿರು, ಸೆಕೆ ತಡೆಯುತ್ತದೆ ಎಂದು ವಿವರ. ಮೂಲ ಎಂಬ ಕಡೆ, ಪ್ರದರ್ಶನದ ಪೆಟ್ಟಿಗೆ ಎಂದು ಬರೆದಿತ್ತು.

ಪಟ್ಟಿಯನ್ನು ಮನೆಗೆ ಒಯ್ದೆ. ಗೌರಮ್ಮ ಚಿತ್ರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

"ಬದ್ಕೈತಾ?" ಎಂದಳು.

ಬದುಕಿದೆ ಎಂದೆ.

"ಅಂಗಾದ್ರೆ ತರ್ಸಿ. ಅವ್ರಿಗೆ ಒಂದ್ ಕಾಗ್ದ ಬರ್ದ್ರೆ ಕೊಡ್ದೆ ಇದ್ದಾರಾ? ನಾವೇ ಕೊಟ್ಟಿದ್ದಲ್ವಾ."

ಬರೆದೆ. ಈಗ ಸೇರುವ ಹುಡುಗರು ಈ ಭಾಗವನ್ನು ಗಮನವಿಟ್ಟು ಓದಬೇಕು. ಕೂಟಗಲ್ಲಿನ ಹುಳವನ್ನು ಕೂಟಗಲ್ಲಿಗೆ ತರಿಸುವ ಅರ್ಜಿ ಕ್ಲೋಸ್‌ಪೇಟೆಯಿಂದ ಬೆಂಗಳೂರಿಗೆ, ಅಲ್ಲಿಂದ ಬ್ರಿಟಿಷ್ ರೆಸಿಡೆಂಟರಿಗೆ, ಅಲ್ಲಿಂದ ದೆಹಲಿಗೆ, ಬೇಸಿಗೆಯಾಗಿದ್ದರೆ ಸಿಮ್ಲಾಕ್ಕೆ, ಅಲ್ಲಿಂದ ಲಂಡನ್ನಿಗೆ, ಅಲ್ಲಿಂದ ಆ ದೇಶಕ್ಕೆ ಹೋಗಬೇಕು. ಉತ್ತರ ಅದೇ ದಾರಿಯಲ್ಲಿ ಬರಬೇಕು. ಹುಳಕ್ಕೆ ಹಡಗಿನಲ್ಲಿ ಹೋಗಲು ಮೂರು ವಾರ ಸಾಕಾಗಿತ್ತು. ಕಾಗದಕ್ಕೆ ಎರಡು ವರ್ಷ ಬೇಕಾಯಿತು. ಮೊದಲನೆಯ ಉತ್ತರ: ನಮ್ಮ ಸಂಗ್ರಹ ಸದಸ್ಯ ದೇಶಗಳಿಗೆ ಮಾತ್ರ, ನಿಮ್ಮ ಸೀಮೆ ಪಟ್ಟಿಯಲ್ಲಿಲ್ಲ. ಮನುಷ್ಯಕುಲದಲ್ಲೂ ನಾವು ಇಲ್ಲವೇನೋ ಎಂದುಕೊಂಡು, ದೆಹಲಿಯ ಮೂಲಕವಾದರೂ ಕೇಳಿ ಎಂದು ಮತ್ತೆ ಬರೆದೆ. ಎರಡನೆಯ ಉತ್ತರ: ದೆಹಲಿ ಸದಸ್ಯ ಹೌದು, ಆದರೆ ಈ ಹುಳ ಇಡೀ ದೇಶದ ಹಿತಕ್ಕೆ ಬೇಕೋ, ಒಂದು ತಾಲ್ಲೂಕಿನ ಹಿತಕ್ಕೆ ಬೇಕೋ ಸ್ಪಷ್ಟಪಡಿಸಿ. ಒಂದು ಮನೆಯ ಹಿತಕ್ಕೆ ಎಂದು ಬರೆಯಲು ಕೈ ಹೋಗಿತ್ತು. ದೇಶದ ಹಿತಕ್ಕೆ ಎಂದು ಬರೆದೆ. ಮೂರನೆಯ ಉತ್ತರ ಎಲ್ಲಕ್ಕಿಂತ ಸೌಜನ್ಯದ್ದು. ಸಮಾನರ ನಡುವಿನ ವಿನಿಮಯವಾಗಿ ಕೊಡಲು ಅಡ್ಡಿಯಿಲ್ಲ, ನಿಮ್ಮ ಕಡೆಯಿಂದ ಅಷ್ಟೇ ಬೆಲೆಯುಳ್ಳ, ಸೆಕೆ ತಡೆಯುವ, ನಮ್ಮಲ್ಲಿಲ್ಲದ ಒಂದು ತಳಿ ಕಳುಹಿಸಿ ಎಂದಿತ್ತು. ಅಂಥವು ಎಷ್ಟೋ ಇದ್ದವು. ಮೂರು ದಿನ ಕುಳಿತು ರುಜು ಹಾಕಿದ್ದೆನಲ್ಲ.

ಪ್ರತಿ ಸಲ ಟಪಾಲು ಬಂದಾಗ ಗೌರಮ್ಮ, ಬಂತಾ ಎಂದು ಕೇಳುತ್ತಿದ್ದಳು. ಕಾಗದ ಬಂತು ಎನ್ನುತ್ತಿದ್ದೆ. ಹಿಂದಿನ ಕೋಣೆಯನ್ನು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸುತ್ತಿದ್ದಳು. ಅಲ್ಲಿ ಬೇರೆ ಸಾಮಾನು ಇಡಲು ಬಿಡಲಿಲ್ಲ. ಹಿತ್ತಲಿನಲ್ಲಿ ನಾಲ್ಕು ಸಾಲು ಹಿಪ್ಪುನೇರಳೆ ನೆಟ್ಟು, ಕಾಲಕಾಲಕ್ಕೆ ಕತ್ತರಿಸಿ ಹೊಸ ಚಿಗುರು ಬರುವಂತೆ ನೋಡಿಕೊಂಡಳು. ನಾನು ನಿವೃತ್ತನಾದೆ. ಅವಳ ಉಸಿರು ಕಷ್ಟವಾಗತೊಡಗಿತು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ಆ ಹುಳಕ್ಕೆ ಅಲ್ಲಿ ಚಳಿಯಾಗುವುದಿಲ್ಲವೇ ಎಂದು ಕೇಳಿದಳು. ಅವರು ಗಾಜಿನ ಮನೆಯಲ್ಲಿ ಬೆಚ್ಚಗೆ ಇಡುತ್ತಾರೆ ಎಂದೆ. ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದಳು. ಹೌದು ಎಂದೆ. ಅದು ನಿಜವೇ. ನಮಗಿಂತ ಚೆನ್ನಾಗಿ ನೋಡಿಕೊಂಡರು, ಅವರಲ್ಲಿ ಬದುಕಿದೆ.

ನಾಲ್ಕನೆಯ ಉತ್ತರ ಅವಳು ಹೋದ ಮೇಲೆ ಬಂತು. ಕೇಂದ್ರದ ಈಗಿನ ಪರೀಕ್ಷಕ ಅದನ್ನು ನನ್ನ ಮನೆಗೇ ತಂದುಕೊಟ್ಟ. ಒಳ್ಳೆಯ ಹುಡುಗ. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಅದರಲ್ಲಿದೆ. ಮುಂದೆ ಏನು ಬರೆಯಲಿ ಎಂದು ಅವನು ಕೇಳಿದ. ಬರೆಯುತ್ತಲೇ ಇರು ಎಂದೆ.

ಒಂದಲ್ಲ ಒಂದು ದಿನ ಅವರು ಕಳುಹಿಸಬಹುದು. ನಲವತ್ತೊಂದರ ಬದಲು ನಲವತ್ತೆರಡನ್ನೂ ಕಳುಹಿಸಬಹುದು. ಹಿಂದಿನ ಕೋಣೆಯಲ್ಲಿ ತಟ್ಟೆ ಇದೆ, ಗೂಡು ಕಟ್ಟಿಸುವ ಚಂದ್ರಿಕೆ ಇದೆ, ಗಿಡದಲ್ಲಿ ಸೊಪ್ಪು ಇದೆ. ಹುಳ ಇಲ್ಲ. ಬಂದದ್ದು ಅದೇ ಹೌದೋ ಅಲ್ಲವೋ ಎಂದು ಹೇಳಬಲ್ಲವಳೂ ಇಲ್ಲ.